ಹಳೇ ವಾಚಿಗೆ ಎಷ್ಟು ಕೈ ಹಾಕಬೇಕು?

ಎಲ್ಲರಿಗೂ ನಮಸ್ಕಾರ. ನಾನು ಭಾಷಣಗಾರ ಅಲ್ಲ, ಇದೇ ದಾವಣಗೆರೆಯಲ್ಲಿ ವಾಚು ರಿಪೇರಿ ಮಾಡುವವನು. ಬಗ್ಗಿ ಕೂತು ಅಭ್ಯಾಸ, ಹೀಗೆ ನಿಂತು ಮಾತಾಡಿ ಅಲ್ಲ. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಆಗಿನ್ನೂ ಅಂಗಡಿ ಹಾಕಿದ ಹೊಸತು. ಒಬ್ಬ ಹೆಣ್ಣುಮಗಳು ತೀರಿಕೊಂಡ ತಂದೆಯ ಎಚ್‌ಎಂಟಿ ಜನತಾ ತಂದರು. ತಂದೆ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಇದ್ದವರು. ಮದುವೆಯಲ್ಲಿ ಮಾವನ ಮನೆಯವರು ಹಾಕಿದ ವಾಚಂತೆ. "ಅಣ್ಣಾ, ಚೆನ್ನಾಗಿ ಮಾಡಿಕೊಡಿ" ಅಂದರು. ಚೆನ್ನಾಗಿ ಅಂದರೆ ಹೇಗೆ ಅಂತ ನಾನು ಕೇಳಲಿಲ್ಲ. ಡಯಲ್ ಹಳದಿಯಾಗಿತ್ತು, ಆರರ ಹತ್ತಿರ ಕಂದು ಕಲೆ. ಡಯಲ್‌ಗೆ ಹೊಸ ಬಣ್ಣ ಹೊಡೆಸಿದೆ, ಹೊಸ ಮುಳ್ಳು ಹಾಕಿದೆ. ಥಳಥಳ ಅಂತಿತ್ತು. ಅವರು ಬಂದು ತಿರುಗಿಸಿ ತಿರುಗಿಸಿ ನೋಡಿದರು. "ಆ ಕಲೆ ಎಲ್ಲಿ ಹೋಯ್ತು? ಚಿಕ್ಕವಳಿದ್ದಾಗ ಅದನ್ನ ಬೆರಳಲ್ಲಿ ಒರೆಸ್ತಿದ್ದೆ, ಹೋಗ್ತಾನೇ ಇರಲಿಲ್ಲ" ಅಂದರು. ಗಾಜಿನ ಒಳಗಿನ ಕಲೆ, ಹೇಗೆ ಹೋಗಬೇಕು? ನಾನು ಹೋಗಿಸಿಬಿಟ್ಟಿದ್ದೆ. ಅವರು ದುಡ್ಡು ಕೊಟ್ಟು ಸುಮ್ನೆ ಹೋದರು. ಬೈದಿದ್ದರೆ ವಾಸಿ ಇತ್ತು.

ಅದೇ ವಾಚಿನ ಹಿಂದಿನ ಮುಚ್ಚಳ ತೆಗೆದಾಗ ಒಳಗೆ ಏನಿತ್ತು ಗೊತ್ತಾ? ಹತ್ತಿಯ ನಾರು. ಮಿಲ್ಲಿನ ಗಾಳಿಯಲ್ಲಿ ಹಾರಿದ್ದು ಒಳಗೆ ಸೇರಿ, ಎಣ್ಣೆಗೆ ಅಂಟಿ, ಗಟ್ಟಿಯಾಗಿ ಕೂತಿತ್ತು. ಈ ಊರಿನಲ್ಲಿ ಅಂಥ ವಾಚು ಎಷ್ಟೋ ಬಿಚ್ಚಿದ್ದೇನೆ. ಅದೂ ಅಪ್ಪನ ನೆನಪೇ ಅಲ್ವಾ, ಉಳಿಸಬೇಕಾ? ಖಂಡಿತ ಬೇಡ. ಒಳಗಡೆ ನಾನು ಭಾವನೆಗೆ ಜಾಗ ಕೊಡುವುದಿಲ್ಲ.

ಕಾರಣ ಹೇಳುತ್ತೇನೆ. ಕೀ ಕೊಡುವ ಜನತಾದ ಬ್ಯಾಲೆನ್ಸ್ ಚಕ್ರ, ಅಂದರೆ ಅತ್ತಿತ್ತ ತೂಗಿ ವಾಚಿನ ವೇಗ ಕಾಯುವ ಚಕ್ರ, ಗಂಟೆಗೆ 18,000 ಸಲ ಹೊಡೆದುಕೊಳ್ಳುತ್ತದೆ. ಅಂದರೆ ಸೆಕೆಂಡಿಗೆ 5, ದಿನಕ್ಕೆ 4,32,000. ಅದರ ಅಚ್ಚಿನ ಉಕ್ಕಿನ ತುದಿ ಕೂದಲಿನಷ್ಟು ಸಣ್ಣ. ಅದು ತಿರುಗುವುದು ಕೃತಕ ಮಾಣಿಕ್ಯದ ತೂತಿನಲ್ಲಿ. ಡಯಲ್ ಮೇಲೆ '17 ಜ್ಯುವೆಲ್ಸ್' ಅಂತ ಬರೆದಿರುವುದು ಆ ಕಲ್ಲುಗಳ ಲೆಕ್ಕ. ಎಣ್ಣೆ ಒಣಗಿ ಧೂಳು ಸೇರಿದರೆ ಅದು ಎಣ್ಣೆ ಅಲ್ಲ, ಸಾಣೆ. ಆ ತುದಿಯನ್ನು ದಿನಾ ತೇಯುತ್ತದೆ. ಅದಕ್ಕೇ ಕಪಾಟಿನಲ್ಲಿ 20 ವರ್ಷ ಮಲಗಿದ್ದ ವಾಚಿಗೆ "ಓಡುತ್ತಾ ನೋಡೋಣ" ಅಂತ ಕೀ ಕೊಟ್ಟು ಓಡಿಸಬೇಡಿ. ಓಡಿದರೆ ಇನ್ನೂ ಕಷ್ಟ, ಸವೆಯಲು ಶುರುವಾಗುತ್ತದೆ. ಮೊದಲು ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿಸಿ.

ಹೊರಗಡೆ ಮಾತ್ರ ನನ್ನ ಲೆಕ್ಕ ಉಲ್ಟಾ. ವಾಪಸ್ ತರಲು ಆಗದ ಯಾವ ಕೆಲಸವನ್ನೂ ಒಂದೇ ಮಾತಿಗೆ ಒಪ್ಪುವುದಿಲ್ಲ. ಗಾಜು ಬದಲಿಸಿ, ತೊಂದರೆ ಇಲ್ಲ. ಅದು ಅಕ್ರಿಲಿಕ್, ಗೀರು ಬೀಳುವುದೇ ಅದರ ಹಣೆಬರಹ. ಸಣ್ಣ ಗೀರಾದರೆ ಉಜ್ಜಿದರೂ ಹೋಗುತ್ತದೆ. ಬೆಲ್ಟಂತೂ ಬಿಡಿ. ಕೀ ಕೊಡುವ ಗುಂಡಿ ಸವೆದಿದ್ದರೆ ಬದಲಿಸಿ, ಹಳೇದನ್ನು ಒಂದು ಕವರಿಗೆ ಹಾಕಿ ಇಟ್ಟುಕೊಳ್ಳಿ.

ಕೇಸಿಗೆ, ಅಂದರೆ ವಾಚಿನ ಹೊರಗಿನ ಲೋಹದ ಕವಚಕ್ಕೆ, ಬಫ್ ಹೊಡೆಸುವ (ಉಜ್ಜಿಸಿ ಹೊಳಪು ತರಿಸುವ) ಮುಂಚೆ ಮಾತ್ರ ಒಂದು ರಾತ್ರಿ ಯೋಚಿಸಿ. ಆ ಕಾಲದ ಕಡಿಮೆ ಬೆಲೆಯ ವಾಚುಗಳ ಕೇಸು ಬಹಳಷ್ಟು ಹಿತ್ತಾಳೆ, ಮೇಲೆ ಕ್ರೋಮ್ ಲೇಪ. ಜಾಸ್ತಿ ಉಜ್ಜಿದರೆ ಹಿತ್ತಾಳೆ ಹಲ್ಲು ಕಿಸಿಯುತ್ತದೆ. ಸ್ಟೀಲ್ ಆದರೆ ಅಂಚು ಕರಗಿ, ಬೆಲ್ಟು ಹಾಕುವ ಕಿವಿಗಳು ಚೀಪಿದ ಪೆಪ್ಪರ್‌ಮಿಂಟಿನ ಹಾಗೆ ಆಗುತ್ತವೆ. ಹೋದ ಲೋಹ ವಾಪಸ್ ಬರುವುದಿಲ್ಲ. ನಮ್ಮೂರ ಬೆಣ್ಣೆದೋಸೆ ಹಂಚನ್ನು ಯಾರಾದರೂ ಬೆಳ್ಳಗಾಗುವ ತನಕ ಉಜ್ಜುತ್ತಾರಾ?

ಡಯಲ್ ವಿಷಯಕ್ಕೆ ಬರೋಣ. ಮಾರ್ಕೆಟ್‌ನಲ್ಲಿ ಕೆಂಪು, ಹಸಿರು, ನೀಲಿ ಡಯಲ್‌ನ 'ಹಳೇ' ಎಚ್‌ಎಂಟಿ ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಬಹಳಷ್ಟು ಆಮೇಲೆ ಬಣ್ಣ ಹೊಡೆದವು. ಭೂತಗಾಜು ಹಿಡಿದು ನೋಡಿ. ಅಕ್ಷರ ದಪ್ಪ, ಅಂಚು ಹರಡಿರುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂಡುವುದಿಲ್ಲ. ವಾಚು ಸಂಗ್ರಹಿಸುವವರು ಇದನ್ನು ಕಂಡ ಕೂಡಲೇ ಕೆಳಗಿಡುತ್ತಾರೆ. ಕಲೆಯಾದರೂ ಮೂಲ ಡಯಲ್ ಇದ್ದರೆ ಕೈಗೆತ್ತಿಕೊಳ್ಳುತ್ತಾರೆ.

ಹಾಗಂತ ಎಲ್ಲಾ ಡಯಲ್ ಹಾಗೇ ಬಿಡಿ ಅನ್ನುವುದಿಲ್ಲ. ನೀರು ಹೋಗಿ, ತುಕ್ಕು ಉದುರಿ ಮಷೀನಿಗೆ ಬೀಳುತ್ತಿದ್ದರೆ ಬದಲಿಸಲೇಬೇಕು. ಅದೇ ಮಾಡೆಲಿನ ಕೆಟ್ಟ ವಾಚಿನಿಂದ ಡಯಲ್ ಸಿಕ್ಕರೆ ಒಳ್ಳೆಯದು. ಎಚ್‌ಎಂಟಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚು ಶುರು ಮಾಡಿದ್ದು 1961ರಲ್ಲಿ. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ. ಹೀಗಾಗಿ ಈಗ ಒಂದನ್ನು ಬದುಕಿಸಲು ಇನ್ನೊಂದನ್ನು ಬಿಚ್ಚಬೇಕು. ನನ್ನ ಡ್ರಾಯರ್ ತುಂಬಾ ಅಂಥ ಹೆಣಗಳೇ.

ಕತ್ತಲಲ್ಲಿ ಹೊಳೆಯುವ ಹಳೇ ಸ್ವಿಸ್ ವಾಚು ಇಟ್ಟುಕೊಂಡವರು ಮಾತ್ರ ಸ್ವಲ್ಪ ಗಮನ ಕೊಡಿ. 1960ರ ದಶಕದವರೆಗೂ ಹಲವು ವಾಚುಗಳಿಗೆ ವಿಕಿರಣ ಸೂಸುವ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಈಗ ಹೊಳೆಯುವುದಿಲ್ಲ, ಹಾಗಾಗಿ ಸತ್ತಿದೆ ಅಂದುಕೊಳ್ಳಬೇಡಿ. ಸತ್ತಿರುವುದು ಹೊಳೆಯುವ ಪುಡಿ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಮನೆಯಲ್ಲಿ ಬಿಚ್ಚಿ ಕೆರೆಯಬೇಡಿ, ಆ ರೇಡಿಯಂ ಬಣ್ಣದ ಪುಡಿ ಉಸಿರಿಗೆ ಹೋದರೆ ಅಪಾಯ.

ಈಗ ಯಾರಾದರೂ ವಾಚು ತಂದರೆ ನಾನು ಮೊದಲು ಕೇಳುವುದು ಮೂರೇ: ಯಾರದ್ದು, ಯಾರು ಕಟ್ಟುತ್ತಾರೆ, ಇದರಲ್ಲಿ ನೀವು ಮೊದಲು ನೋಡುವುದು ಏನು. ಮೂರನೇದಕ್ಕೆ ಜನ ತಡವರಿಸುತ್ತಾರೆ. ಆಮೇಲೆ ಬೆರಳಿಟ್ಟು ಒಂದು ಗೀರು ತೋರಿಸುತ್ತಾರೆ, ಇಲ್ಲ ಹಿಂದೆ ಕೊರೆಸಿದ ಹೆಸರು ತೋರಿಸುತ್ತಾರೆ. ಅದನ್ನು ಚೀಟಿಯಲ್ಲಿ ಬರೆದುಕೊಂಡು, 'ಮುಟ್ಟಬಾರದು' ಅಂತ ಕೆಳಗೆ ಗೆರೆ ಎಳೆಯುತ್ತೇನೆ.

ನಿಮ್ಮಲ್ಲಿ ಕೆಲವರು ವಾಚು ತಂದಿದ್ದೀರಿ ಅಂತ ಕೇಳಿದೆ. ಟೇಬಲ್ ಹತ್ತಿರ ಬನ್ನಿ, ನೋಡೋಣ. ಕೀ ಮಾತ್ರ ಕೊಡಬೇಡಿ, ಇದ್ದ ಹಾಗೇ ತನ್ನಿ.