ನಕ್ಷೆಯ ಬಣ್ಣಗಳಲ್ಲಿ ಕಾಣದ ದುಡಿಮೆ: ದಾವಣಗೆರೆಯ ಆರ್ಥಿಕ ಯೋಜನೆಯ ಕುರಿತು

ಮಾನ್ಯರೇ,

ನಗರದ ಮಹಾಯೋಜನೆಯ ನಕ್ಷೆಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ದಾವಣಗೆರೆಯಲ್ಲಿ ಹಳದಿ ಬಣ್ಣ ವರ್ಷದಿಂದ ವರ್ಷಕ್ಕೆ ಹೊಲಗಳ ಮೇಲೆ ಹರಡುತ್ತಿದೆ. ಆ ಹಳದಿಯಲ್ಲಿ ಮನೆ ಕಟ್ಟಿಕೊಂಡವರು ಯಾವ ದುಡಿಮೆಯಿಂದ ಸಾಲದ ಕಂತು ತೀರಿಸುತ್ತಾರೆ, ಅವರ ಮಕ್ಕಳಿಗೆ ಇದೇ ಊರಿನಲ್ಲಿ ಕೆಲಸ ಸಿಗುತ್ತದೆಯೇ ಎಂಬುದನ್ನು ಮಾತ್ರ ಆ ನಕ್ಷೆಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ನಾನು ಇಂದು ಮಾತನಾಡಲು ಬಂದಿರುವುದು ಅದರ ಬಗ್ಗೆ.

ಇದು ನಗರಾಡಳಿತಕ್ಕೆ ಸಂಬಂಧಿಸಿದ್ದಲ್ಲ ಎಂದು ಯಾರೂ ಹೇಳುವಂತಿಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಿತು. ಅದರೊಂದಿಗೆ ಸೇರಿದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಮೂರನೆಯದೇ ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಯ ಯೋಜನೆ. ನೀರು, ಕಸ, ಬೀದಿದೀಪ ಎಲ್ಲವೂ ಅದರ ನಂತರ ಬರುತ್ತವೆ. ಆದರೂ ಪಾಲಿಕೆ ಎಂದರೆ ಇಂದಿಗೂ ಖಾತೆ, ಕಂದಾಯ, ಚರಂಡಿ. ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿರುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಅದು ಮುಖ್ಯವಾಗಿ ಭೂಮಿಯ ಬಳಕೆಯನ್ನು ನಿರ್ಧರಿಸುತ್ತದೆ. ಹೀಗೆ ನೆಲಕ್ಕೆ ಯೋಜನೆ ಇದೆ, ದುಡಿಮೆಗೆ ಇಲ್ಲ.

ಯೋಜನೆಯಿಲ್ಲದೆ ಊರು ಬೆಳೆದಿಲ್ಲವೇ ಎಂದು ನೀವು ಕೇಳಬಹುದು. ಬೆಳೆದಿದೆ. 2011ರ ಜನಗಣತಿಯ ವೇಳೆಗೇ ನಗರದ ಜನಸಂಖ್ಯೆ ಸುಮಾರು ನಾಲ್ಕು ಲಕ್ಷ 35 ಸಾವಿರದಷ್ಟಿತ್ತು. ಆದರೆ ಬೆಳೆದ ರೀತಿಯನ್ನು ಸ್ವಲ್ಪ ನೋಡೋಣ. ಸುತ್ತಲಿನ ಕಪ್ಪುಮಣ್ಣಿನ ಹತ್ತಿ ಈ ಪೇಟೆಗೆ ಬರುತ್ತಿದ್ದ ಕಾಲದಲ್ಲಿ, ಸ್ವಾತಂತ್ರ್ಯಕ್ಕೂ ಮೊದಲೇ, ಇಲ್ಲಿ ಬಟ್ಟೆಯ ಗಿರಣಿಗಳು ಎದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಮಿಲ್ಲಿನ ಪಾಳಿಯ ಹೊತ್ತಿಗೆ ಹೋಟೆಲುಗಳು ತೆರೆದವು, ಪಗಾರದ ದಿನಕ್ಕೆ ಕಿರಾಣಿ ಅಂಗಡಿಗಳ ಬಾಕಿ ತೀರುತ್ತಿತ್ತು. ಭದ್ರಾ ನಾಲೆ ಬಂದ ಕಡೆ ಹೊಲಗಳು ಭತ್ತದ ಗದ್ದೆಗಳಾದವು, ಮಳೆಯಾಶ್ರಿತ ಹೊಲಗಳಲ್ಲಿ ಹತ್ತಿಯ ಜಾಗಕ್ಕೆ ಕ್ರಮೇಣ ಮೆಕ್ಕೆಜೋಳ ಬಂತು. ಗಿರಣಿಗಳ ಯಂತ್ರಗಳು ಹಳತಾದವು, ವಿದ್ಯುತ್ ಮಗ್ಗಗಳ ಅಗ್ಗದ ಬಟ್ಟೆಯೆದುರು ನಿಲ್ಲಲಾಗಲಿಲ್ಲ. ಒಂದೊಂದಾಗಿ ಬಾಗಿಲು ಮುಚ್ಚಿದವು. ಡಿಸಿಎಂ ಟೌನ್‌ಶಿಪ್ ಎಂಬ ಹೆಸರು ಬಡಾವಣೆಗೆ ಉಳಿದುಕೊಂಡಿತು, ಆ ಮೂರು ಅಕ್ಷರಗಳಲ್ಲಿ ಒಂದು ಕಾಟನ್ ಮಿಲ್ ಇದೆ ಎಂಬುದು ಅಲ್ಲಿಯ ಎಷ್ಟೋ ಮಕ್ಕಳಿಗೆ ಗೊತ್ತಿರಲಾರದು.

ಆಗ ಊರನ್ನು ಎತ್ತಿ ಹಿಡಿದದ್ದು ವಿದ್ಯೆ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾನಿಲಯ. ವಿದ್ಯಾರ್ಥಿಗಳ ಜೊತೆಗೆ ಬಾಡಿಗೆ ಕೋಣೆ, ಮೆಸ್ಸು, ಜೆರಾಕ್ಸ್ ಅಂಗಡಿ, ಔಷಧ ಅಂಗಡಿ, ಆಟೊ ಎಲ್ಲವೂ ಬಂದವು. ಇದು ದೊಡ್ಡ ಸಾಧನೆ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ 2020ರಲ್ಲಿ ಕೊರೋನಾ ಕಾರಣದಿಂದ ಕಾಲೇಜುಗಳು ಮುಚ್ಚಿದಾಗ ವಿದ್ಯಾನಗರದ ಕಡೆ ನಡೆದು ಹೋದವರಿಗೆ ನೆನಪಿರಬಹುದು. ಮಿಲ್ಲುಗಳು ಮುಚ್ಚಿದಾಗ ಹಿರಿಯರು ಕಂಡಿದ್ದ ಮೌನವೇ ಆ ಬೀದಿಗಳಲ್ಲಿತ್ತು. ಒಂದೇ ಕಂಬದ ಮೇಲೆ ಚಪ್ಪರ ನಿಲ್ಲಿಸುವ ತಪ್ಪನ್ನು ನಾವು ಎರಡನೆಯ ಬಾರಿ ಮಾಡಿದ್ದೆವು.

ಪಕ್ಕದ ಹರಿಹರವನ್ನು ನೋಡಿ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದ ಲೇತ್ ಯಂತ್ರಗಳು ದೇಶದ ಮೂಲೆಮೂಲೆಗೆ ಹೋದವು. ಈ ಶತಮಾನದ ಆರಂಭದಲ್ಲಿ ಅದು ಮುಚ್ಚಿತು. ಆದರೆ ಲೋಹವನ್ನು ಕೂದಲೆಳೆಯ ಲೆಕ್ಕದಲ್ಲಿ ಕಡೆಯುವುದನ್ನು ಕಲಿತ ಕೈಗಳು ಮುಚ್ಚಿಹೋಗಲಿಲ್ಲ. ಹಲವರು ಸಣ್ಣ ವರ್ಕ್‌ಶಾಪ್ ತೆರೆದರು, ಹಲವರು ಬೇರೆ ಊರಿಗೆ ಹೋದರು. ಎಷ್ಟು ಟರ್ನರುಗಳಿದ್ದರು, ಎಷ್ಟು ಫಿಟ್ಟರುಗಳಿದ್ದರು, ಯಾರಿಗೆ ಯಾವ ಯಂತ್ರ ಸಿಕ್ಕಿದ್ದರೆ ಇಲ್ಲೇ ನಿಲ್ಲುತ್ತಿದ್ದರು ಎಂದು ಅಂದು ಊರಾಗಿ ನಾವು ಕೇಳಬೇಕಿತ್ತು. ಕಾರ್ಖಾನೆಯ ಸ್ವತ್ತಿನ ಲೆಕ್ಕ ಬ್ಯಾಂಕಿನಲ್ಲಿತ್ತು, ಕೈಕಸುಬಿನ ಲೆಕ್ಕ ಎಲ್ಲಿಯೂ ಇರಲಿಲ್ಲ. ಹೊರಗಿನಿಂದ ದೊಡ್ಡ ಕಂಪನಿಯೊಂದು ಬಂದರೆ ಎಲ್ಲವೂ ಸರಿಯಾಗುತ್ತದೆ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಹರಿಹರ ನೆನಪಾಗುತ್ತದೆ. ಕಂಪನಿ ಬರಲಿ, ನನ್ನ ತಕರಾರಿಲ್ಲ. ಆದರೆ ಈಗಾಗಲೇ ಇರುವುದನ್ನು ಮೊದಲು ಎಣಿಸೋಣ.

ಇರುವುದು ಎಂದರೆ ಏನು? ಹಳೇ ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನೇ ತೆಗೆದುಕೊಳ್ಳಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಬೆರೆಸಿ, ಕಾದ ಮರಳಿನಲ್ಲಿ ಹುರಿದಾಗ ಒಂದು ಕ್ಷಣದಲ್ಲಿ ಅರಳುವ ಆ ಬಿಳಿ ಕಾಳಿನ ಹಿಂದೆ ಒಂದು ಇಡೀ ಕುಟುಂಬದ ದಿನವಿದೆ. ನಾವು ಸಂಜೆ ಮಿರ್ಚಿಯ ಜೊತೆ ಖಾರ ಮಂಡಕ್ಕಿ ತಿನ್ನುವ ಹೊತ್ತಿಗೆ ಅವರು ಮರುದಿನದ ಅಕ್ಕಿ ಹರವಿರುತ್ತಾರೆ. ಹೊಗೆ, ಬೂದಿ, ಕೆಮ್ಮು ಅವರ ಪಾಲಿನವು. ಹಳೆಯ ಟೈರು ಸುಟ್ಟು ಭಟ್ಟಿ ಕಾಯಿಸುತ್ತಾರೆಂಬ ದೂರು ಬಂದಾಗ ನಮ್ಮ ಪ್ರತಿಕ್ರಿಯೆ ಇದ್ದದ್ದು ನೋಟಿಸು ಕೊಡುವುದರಲ್ಲಿ. ಟೈರಿನ ಹೊಗೆ ವಿಷ, ನಿಲ್ಲಲೇಬೇಕು. ಆದರೆ ಟೈರು ಏಕೆ ಬಂತು? ಅಗ್ಗವಾಗಿತ್ತು, ಅದಕ್ಕೆ. ಉರುವಲಿನ ಬೆಲೆಗೆ ಉತ್ತರ ಕೊಡದೆ ಹೊಗೆಗೆ ಉತ್ತರ ಸಿಗುವುದಿಲ್ಲ.

2016ರ ಜನವರಿಯಲ್ಲಿ ಪ್ರಕಟವಾದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ನಮ್ಮ ಊರಿತ್ತು, ಆ ಪ್ರಸ್ತಾವದಲ್ಲಿ ಮಂಡಕ್ಕಿ ಭಟ್ಟಿಗಳ ಸುಧಾರಣೆಯ ಮಾತೂ ಇತ್ತು. ಅದು ಸರಿಯಾದ ಯೋಚನೆ, ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಸಾಲಕ್ಕೆ ಜೋಡಿಸಿದ ಶೇ 35ರಷ್ಟು ಸಹಾಯಧನವಿತ್ತು, ಒಂದು ಘಟಕಕ್ಕೆ ಗರಿಷ್ಠ 10 ಲಕ್ಷ ರೂಪಾಯಿ. ಆದರೆ ಬಾಡಿಗೆಯ ಜಾಗದಲ್ಲಿ, ಪರವಾನಗಿ ಕಾಗದವಿಲ್ಲದೆ ಭಟ್ಟಿ ನಡೆಸುವವರು ಬ್ಯಾಂಕಿನ ಮೆಟ್ಟಿಲು ಹತ್ತುವುದು ಹೇಗೆ? ಇಲ್ಲಿ ಪಾಲಿಕೆಯ ಕೆಲಸ ಶುರುವಾಗಬೇಕು. ಕಾಗದ ಮಾಡಿಸಿಕೊಡುವುದು, ಹತ್ತು ಭಟ್ಟಿಗಳಿಗೆ ಒಂದು ಒಣಗಿಸುವ ಕಣ, ಹೊಗೆ ಕಡಿಮೆಯಾಗುವ ಒಲೆ, ಪೊಟ್ಟಣ ಕಟ್ಟುವ ಒಂದು ಯಂತ್ರ. ಇದಕ್ಕೆ ಬೇಕಾಗುವುದು ಒಂದು ಮೇಲ್ಸೇತುವೆಗೆ ಹಾಕುವ ಹಣದ ಸಣ್ಣ ತುಣುಕು.

ಮೆಕ್ಕೆಜೋಳದ ವಿಷಯ ಇದಕ್ಕಿಂತ ದೊಡ್ಡದು. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಜಿಲ್ಲೆಯಲ್ಲಿ ಓಡಾಡಿದವರಿಗೆ ಗೊತ್ತು, ರಸ್ತೆಯ ಅರ್ಧಭಾಗ ಹಳದಿಯಾಗಿರುತ್ತದೆ. ಕಣವಿಲ್ಲದ ರೈತ ಡಾಂಬರಿನ ಮೇಲೆ ಕಾಳು ಹರವುತ್ತಾನೆ. ಬೈಕು ಜಾರಿ ಬೀಳುತ್ತದೆ, ಅಕಾಲದ ಮಳೆ ಬಂದರೆ ಕಾಳಿಗೆ ಬೂಸ್ಟು ಹಿಡಿಯುತ್ತದೆ. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇ 14 ಮೀರಬಾರದು. ಒದ್ದೆ ಕಾಳು ಹಿಡಿದು ಮಾರುಕಟ್ಟೆಗೆ ಬಂದವನಿಗೆ ಚೌಕಾಸಿಯ ಶಕ್ತಿಯೇ ಇರುವುದಿಲ್ಲ, ಬಂದ ದರಕ್ಕೆ ಕೊಟ್ಟು ಹೋಗುತ್ತಾನೆ. ಕಾಳು ಲಾರಿ ಹತ್ತಿ ಕೋಳಿ ಆಹಾರಕ್ಕೆ, ಪಿಷ್ಟಕ್ಕೆ ಹೊರಗೆ ಹೋಗುತ್ತದೆ, ಬೆಲೆ ಹೆಚ್ಚುವುದು ಬಹುಪಾಲು ಬೇರೆಯವರ ಊರಿನಲ್ಲಿ. ಮಾರುಕಟ್ಟೆ ಪ್ರಾಂಗಣದ ಬಳಿ ಬಾಡಿಗೆಗೆ ಸಿಗುವ ಡ್ರೈಯರುಗಳು, ಒಣ ಕಾಳನ್ನು ಇಟ್ಟು ಸಾಲ ಪಡೆಯಬಹುದಾದ ಗೋದಾಮು, ಇಷ್ಟಾದರೂ ಬಂದರೆ ರೈತನಿಗೆ ಕಾಯುವ ಬಲ ಸಿಗುತ್ತದೆ. ಆ ಡ್ರೈಯರನ್ನು ಹರಿಹರದ ವರ್ಕ್‌ಶಾಪಿನಲ್ಲಿ ಕಟ್ಟಿಸಬಾರದೇಕೆ? ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಬೆಂಗಳೂರಿನಿಂದ ಮಾದರಿ ಕೊಂಡು ತರುವುದನ್ನು ನಾನು ನೋಡಿದ್ದೇನೆ. ಅವರ ಕಾಲೇಜಿನಿಂದ ಹದಿನಾಲ್ಕು ಕಿಲೋಮೀಟರಿನ ಆಸುಪಾಸಿನಲ್ಲೇ ನಿಜವಾದ ಸಮಸ್ಯೆಯೂ ಇದೆ, ಅದನ್ನು ಪರಿಹರಿಸುವ ಕೈಗಳೂ ಇವೆ.

ಬೀದಿ ವ್ಯಾಪಾರಿಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿ ಹೊಸ ಆಲೋಚನೆಯ ಅಗತ್ಯವೇ ಇಲ್ಲ. 2014ರ ಕಾಯ್ದೆಯಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು ಎಂದು ಅದು ಹೇಳುತ್ತದೆ. ಅದನ್ನು ಪಾಲಿಸಿದರೆ ಸಾಕು.

ನೀರಿನ ಮಾತು ಬಿಟ್ಟರೆ ಇದೆಲ್ಲ ಅಪೂರ್ಣ. ರಾಜನಹಳ್ಳಿಯಿಂದ ಬರುವ ತುಂಗಭದ್ರೆಯ ನೀರು, ಭದ್ರಾ ನಾಲೆಯಿಂದ ತುಂಬುವ ಕುಂದುವಾಡ ಕೆರೆ, ಇವುಗಳಿಂದ ನಗರ ಕುಡಿಯುತ್ತದೆ. ಅದೇ ಭದ್ರೆಯನ್ನು ಗದ್ದೆಗಳೂ ಕಾಯುತ್ತವೆ. 2023ರ ಬರದಲ್ಲಿ ನಾಲೆಗೆ ನೀರು ನಿಲ್ಲಿಸುವ ವಿಷಯಕ್ಕೆ ರೈತರು ಬೀದಿಗಿಳಿದದ್ದು ನಗರದವರಿಗೆ ಸಂಚಾರದ ತೊಂದರೆಯಾಗಿ ಮಾತ್ರ ಕಂಡಿತು ಎಂಬ ನೋವು ನನಗಿದೆ. ಭತ್ತ ಇಲ್ಲದಿದ್ದರೆ ರೈಸ್ ಮಿಲ್ಲಿಗೆ ಕೆಲಸವಿಲ್ಲ, ಹಮಾಲರಿಗೆ ಕೂಲಿಯಿಲ್ಲ, ಭಟ್ಟಿಗೆ ಅಕ್ಕಿಯಿಲ್ಲ. ನಗರದ ಆರ್ಥಿಕ ಯೋಜನೆ ಪಾಲಿಕೆಯ ಗಡಿಯಲ್ಲಿ ನಿಲ್ಲುವಂತಿಲ್ಲ. ಅದು ನಾಲೆಯ ಕೊನೆಯ ತೂಬಿನವರೆಗೂ ಹೋಗಬೇಕು. ಜಿಲ್ಲಾ ಯೋಜನಾ ಸಮಿತಿ ಎಂಬುದನ್ನು ಸಂವಿಧಾನ ಇಟ್ಟಿರುವುದು ಊರು ಮತ್ತು ಹಳ್ಳಿಗಳ ಯೋಜನೆಗಳನ್ನು ಕೂಡಿಸಲಿಕ್ಕಾಗಿಯೇ.

ಹಾಗಾದರೆ ಎಲ್ಲಿಂದ ಆರಂಭಿಸುವುದು? ನಾನು ಕೇಳುವುದು ವಾರ್ಡಿಗೊಂದು ದುಡಿಮೆಯ ವಹಿ. ಭಟ್ಟಿ, ಹೊಲಿಗೆ ಯಂತ್ರ, ಲೇತ್, ಮೆಸ್ಸು, ತಳ್ಳುಗಾಡಿ, ರೊಟ್ಟಿ ತಟ್ಟಿ ಮಾರುವ ಮನೆ, ಪ್ರತಿಯೊಂದೂ ಅದರಲ್ಲಿ ಬರಬೇಕು. ಎಷ್ಟು ಜನ ದುಡಿಯುತ್ತಾರೆ, ಕಚ್ಚಾ ಮಾಲು ಎಲ್ಲಿಂದ ಬರುತ್ತದೆ, ಎಲ್ಲಿಗೆ ಮಾರುತ್ತಾರೆ, ಯಾವ ಒಂದು ಅಡ್ಡಿ ನಿವಾರಣೆಯಾದರೆ ಇನ್ನೊಬ್ಬರಿಗೆ ಕೆಲಸ ಕೊಡಬಲ್ಲರು. ಈ ನಾಲ್ಕೇ ಪ್ರಶ್ನೆಗಳು. ಕೇಳಲು ಹೋಗುವವರು ನಮ್ಮ ಅರ್ಥಶಾಸ್ತ್ರದ ಪದವಿ ವಿದ್ಯಾರ್ಥಿಗಳಾಗಲಿ, ಆ ಕೆಲಸಕ್ಕೆ ಅವರಿಗೆ ಅಂಕಗಳೂ ಇರಲಿ.

ಮೊದಲ ವಾರ್ಡು ಭಟ್ಟಿಗಳಿರುವ ಹಳೇ ಊರಿನದೇ ಆಗಲಿ ಎಂಬುದು ನನ್ನ ಕೋರಿಕೆ. ನಾಲ್ಕು ಪ್ರಶ್ನೆಗಳ ಹಾಳೆಯನ್ನು ಮುದ್ರಿಸಿ ತಂದಿದ್ದೇನೆ, ಬಾಗಿಲ ಬಳಿಯ ಮೇಜಿನ ಮೇಲಿದೆ. ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ, ಭಟ್ಟಿಗಳಲ್ಲಿ ಮರಳು ಕಾಯುವ ಹೊತ್ತಿಗೆ, ನಾನು ಅಲ್ಲಿರುತ್ತೇನೆ. ಬರುವವರು ಆ ಹಾಳೆಯ ಮೇಲೆ ಹೆಸರು ಬರೆದು ಹೋಗಿ.