ಸ್ಟಾಕ್‌ಹೋಮ್‌ಗೆ ಹೋದರೆ ಮಧ್ಯಾಹ್ನವೇ ಹೊಟ್ಟೆ ತುಂಬಾ ಉಣ್ಣಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ಗೆ ಹೊರಟವರು ನನ್ನನ್ನು ಮೊದಲು ಕೇಳುವುದು ಒಂದೇ ಮಾತು. "ಅಲ್ಲಿ ಊಟಕ್ಕೇನು ಮಾಡ್ತೀರಿ?" ಎರಡು ಸಲ ಮಗಳ ಮನೆಯಲ್ಲಿ ಇದ್ದು ಬಂದಿದ್ದೇನೆ. ಒಮ್ಮೆ ಬೇಸಿಗೆಯಲ್ಲಿ, ಇನ್ನೊಮ್ಮೆ ಅಕ್ಟೋಬರ್ ತಿಂಗಳಲ್ಲಿ. ಅವಳ ಮನೆ ಇರುವ ಬಡಾವಣೆಯನ್ನು ಬರೆಯುವುದು ಕಿಸ್ತಾ ಅಂತ, ಅಲ್ಲಿನವರು ಹೇಳುವುದು ಶೀಸ್ತಾ ಅಂತ. ಎರಿಕ್ಸನ್ ಕಂಪನಿಯ ಮುಖ್ಯ ಕಚೇರಿ ಅಲ್ಲೇ ಇದೆ. ನಮ್ಮ ಕಡೆಯ ಹುಡುಗ ಹುಡುಗಿಯರು ಆ ಸುತ್ತಮುತ್ತ ಕೆಲಸಕ್ಕಿದ್ದಾರೆ.

ಮೊದಲ ಸಲ ನನ್ನ ಗೆಳತಿಯೂ ಜೊತೆಗೆ ಬಂದಿದ್ದಳು. ಅವಳು ಸಸ್ಯಾಹಾರಿ, ನಾನು ಮೀನು ತಿನ್ನುವವಳು. ಬಂದ ಮರುದಿನ ಮಗಳು ಕೆಲಸದಲ್ಲಿದ್ದಳು. ನಾವಿಬ್ಬರೇ ಪೇಟೆ ಸುತ್ತಿ, ಸಂಜೆ ಏಳಕ್ಕೆ ಒಂದು ಹೋಟೆಲ್‌ಗೆ ಹೋದೆವು. ನಾವು ಕೊಟ್ಟ ನೋಟು ಅವರು ತೆಗೆದುಕೊಳ್ಳಲಿಲ್ಲ, ಕಾರ್ಡ್ ಮಾತ್ರ ಅಂದರು. ಎರಡು ಸಣ್ಣ ತಟ್ಟೆಗೆ ಬಂದ ಬಿಲ್ ನೋಡಿ ಗೆಳತಿಯ ಮುಖ ಬಾಡಿತು. ಒಂದು ಕ್ರೋನಾ ಅಂದರೆ ನಮ್ಮ 8ರಿಂದ 10 ರೂಪಾಯಿ. ಮನೆಗೆ ಬಂದು ಅನ್ನ, ಮಜ್ಜಿಗೆ ಕಲಸಿಕೊಂಡು ಉಂಡೆವು.

ರಾತ್ರಿ ಮಗಳು ಹೇಳಿದಳು, "ಅಮ್ಮಾ, ಇಲ್ಲಿ ಹೊರಗೆ ಉಣ್ಣೋದಾದ್ರೆ ಮಧ್ಯಾಹ್ನ ಉಣ್ಣಬೇಕು." ಈ ಒಂದು ಮಾತು ಗೊತ್ತಿದ್ದರೆ ಆ ಊರಿನಲ್ಲಿ ಹಸಿದುಕೊಂಡು ಇರಬೇಕಾಗಿಲ್ಲ.

ವಾರದ ದಿನಗಳಲ್ಲಿ ಹೋಟೆಲ್‌ಗಳ ಬಾಗಿಲಲ್ಲಿ ಒಂದು ಹಲಗೆ ಇಟ್ಟಿರುತ್ತಾರೆ. ಅದರ ಮೇಲೆ 'ದಾಗೆನ್ಸ್ ಲುಂಚ್' ಅಂತ ಬರೆದಿರುತ್ತದೆ, ಇವತ್ತಿನ ಊಟ ಅಂತ ಅರ್ಥ. ಬೆಳಗ್ಗೆ 11ಕ್ಕೆ ಶುರುವಾಗಿ 2ರ ಹೊತ್ತಿಗೆ ಮುಗಿಯುತ್ತದೆ. ಆಫೀಸಿನವರೆಲ್ಲ ಹನ್ನೊಂದೂವರೆಗೇ ಬಂದು ಸಾಲು ನಿಲ್ಲುತ್ತಾರೆ. ಬೆಲೆ ಸುಮಾರು 120ರಿಂದ 160 ಕ್ರೋನಾ. ಅದೇ ಹೋಟೆಲ್‌ನಲ್ಲಿ ರಾತ್ರಿ ಉಂಡರೆ ಇದರ ಎರಡರಷ್ಟು ಆಗಿಬಿಡಬಹುದು. ಆ ದುಡ್ಡಿಗೆ ಒಂದು ಬಿಸಿ ಅಡುಗೆ ಕೊಡುತ್ತಾರೆ. ಹಸಿ ತರಕಾರಿ, ಬ್ರೆಡ್ಡು, ಬೆಣ್ಣೆ ನಾವೇ ಬಡಿಸಿಕೊಳ್ಳಬಹುದು. ಕೊನೆಗೆ ಕಾಫಿಯೂ ಅದರಲ್ಲೇ ಸೇರಿರುತ್ತದೆ. ಟಿಪ್ಸ್ ಕೊಡಲೇಬೇಕು ಅಂತೇನೂ ಇಲ್ಲ.

ನೀರಿನ ಬಾಟಲಿ ಮಾತ್ರ ಕೊಳ್ಳಬೇಡಿ. ಆ ಊರಿನ ನಲ್ಲಿ ನೀರು ಮೆಲಾರೆನ್ ಅನ್ನುವ ದೊಡ್ಡ ಸರೋವರದಿಂದ ಬರುತ್ತದೆ. ತಣ್ಣಗೆ, ಶುಚಿಯಾಗಿ, ನಮ್ಮ ಮಲೆನಾಡಿನ ಬಾವಿ ನೀರಿನ ಹಾಗೆ ಇರುತ್ತದೆ. ಹೋಟೆಲ್‌ನಲ್ಲಿ ಹೂಜಿ ತುಂಬಿಸಿ ಇಟ್ಟಿರುತ್ತಾರೆ, ಬೇಕಾದಷ್ಟು ಕುಡಿಯಬಹುದು.

ಸಸ್ಯಾಹಾರಿಗಳು 'ವೆಗೆತಾರಿಸ್ಕ್' ಅನ್ನುವ ಪದ ನೆನಪಿಟ್ಟುಕೊಂಡರೆ ಸಾಕು. ಈಗ ಎಲ್ಲ ಕಡೆ ಅಂಥದ್ದೊಂದು ಅಡುಗೆ ಇರುತ್ತದೆ. ನನ್ನ ಗೆಳತಿಗೆ ತುಂಬಾ ಹಿಡಿಸಿದ್ದು ಸೋದರ್‌ಮಾಲ್ಮ್ ಅನ್ನುವ ಭಾಗದಲ್ಲಿ, ಗುಡ್ಡದ ಅಂಚಿನ ಬೀದಿಯಲ್ಲಿರುವ ಹೆರ್ಮಾನ್ಸ್. ಅಲ್ಲಿ ಒಮ್ಮೆ ದುಡ್ಡು ಕೊಟ್ಟರೆ ಎಷ್ಟು ಬೇಕಾದರೂ ಬಡಿಸಿಕೊಳ್ಳಬಹುದು. ಮಾಂಸ, ಮೀನು ಯಾವುದೂ ಇಲ್ಲ. ಕಿಟಕಿಯ ಪಕ್ಕ ಕೂತರೆ ಕೆಳಗೆ ನೀರು, ಹಡಗು, ಆಚೆ ದಡದ ಮನೆಗಳು ಕಾಣುತ್ತವೆ. ಎರಡು ಗಂಟೆ ಕೂತಿದ್ದೆವು, ಯಾರೂ ಏಳಿ ಅನ್ನಲಿಲ್ಲ.

ಮೀನು ತಿನ್ನುವವರಿಗಂತೂ ಇದು ಹಬ್ಬದ ಊರು. ಹೋತೋರ್ಯೆತ್ ಅನ್ನುವ ಚೌಕಕ್ಕೆ ಹೋಗಿ. ಒಣಹುಲ್ಲಿನ ಪೇಟೆ ಅಂತ ಆ ಹೆಸರಿನ ಅರ್ಥ. ನಮ್ಮ ಅಕ್ಕಿಪೇಟೆ, ರಾಗಿಪೇಟೆ ಇಲ್ವಾ, ಹಾಗೆ. ನೊಬೆಲ್ ಪ್ರಶಸ್ತಿ ಕೊಡುವ ನೀಲಿ ಕಟ್ಟಡ ಆ ಚೌಕದಲ್ಲೇ ಇದೆ. ಎದುರಿಗೆ ಹಣ್ಣು, ಹೂವಿನ ಅಂಗಡಿಗಳು. ನೆಲಮಾಳಿಗೆಗೆ ಇಳಿದರೆ ತಿಂಡಿ ತಿನಿಸಿನ ಮಾರುಕಟ್ಟೆ. ಅಲ್ಲಿ ಕೈಸಾಸ್ ಫಿಸ್ಕ್ ಅನ್ನುವ ಜಾಗದ ಮೀನಿನ ಸೂಪ್ ಕುಡಿದು ನೋಡಿ. ದೊಡ್ಡ ಬೋಗುಣಿ ತುಂಬಾ ಕೊಡುತ್ತಾರೆ. ಖಾರ ಇಲ್ಲ, ಹುಳಿ ಇಲ್ಲ, ಆದರೂ ಮೀನು ತಾಜಾ ಇದ್ದರೆ ಅದರ ರುಚಿಯೇ ಬೇರೆ ಅಲ್ವಾ?

ಸ್ಲೂಸೆನ್ ಅನ್ನುವ ಜಾಗದ ಹತ್ತಿರ ಬೀದಿ ಬದಿಯಲ್ಲಿ ಸ್ಟ್ರೋಮ್ಮಿಂಗ್ ಅನ್ನುವ ಸಣ್ಣ ಮೀನು ಹುರಿದು ಕೊಡುತ್ತಾರೆ. ಬಾಲ್ಟಿಕ್ ಸಮುದ್ರದ ಮೀನು ಅದು. ಗಾತ್ರದಲ್ಲಿ ಹೆಚ್ಚು ಕಡಿಮೆ ನಮ್ಮ ಬೂತಾಯಿ. ರೈ ಅನ್ನುವ ಧಾನ್ಯದ ಗರಿಗರಿ ಬ್ರೆಡ್ಡಿನ ಮೇಲೋ, ಆಲೂಗಡ್ಡೆ ಜಜ್ಜಿದ ಗೊಜ್ಜಿನ ಜೊತೆಗೋ ತಿನ್ನಬಹುದು. ಓಸ್ತರ್‌ಮಾಲ್ಮ್‌ನಲ್ಲಿ 1888ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಮಾರುಕಟ್ಟೆಯೂ ಇದೆ. ದುಡ್ಡು ಜಾಸ್ತಿ, ಆದರೆ ನೋಡುವುದಕ್ಕಾದರೂ ಒಳಗೆ ಹೋಗಿ ಬನ್ನಿ.

ಇನ್ನು ನನಗೆ ತುಂಬಾ ಇಷ್ಟದ ವಿಷಯ. ನಾನು ಸಕಲೇಶಪುರದ ಕಡೆಯವಳು. ಕಾಫಿ, ಏಲಕ್ಕಿ ನಡುವೆ ಬೆಳೆದವಳು. ಸ್ವೀಡನ್ನಿನ ಜನ ದಿನಕ್ಕೊಮ್ಮೆಯಾದರೂ ಕೆಲಸ ಬಿಟ್ಟು ಕೂತು ಕಾಫಿ ಕುಡಿಯುತ್ತಾರೆ, ಜೊತೆಗೆ ಸಿಹಿ ಏನಾದರೂ ತಿನ್ನುತ್ತಾರೆ. ಇದಕ್ಕೆ ಫಿಕಾ ಅನ್ನುತ್ತಾರೆ. 'ಕಾಫಿ' ಅನ್ನುವುದನ್ನು ಹಿಂದು ಮುಂದು ಮಾಡಿ ಹೇಳಿ ನೋಡಿ. ಫಿಕಾ! ಆ ಪದ ಹುಟ್ಟಿದ್ದೂ ಹಾಗೇ ಅಂತಾರೆ. 18ನೇ ಶತಮಾನದಲ್ಲಿ ಅಲ್ಲಿನ ಸರ್ಕಾರ ಕಾಫಿಯನ್ನು ಒಂದಲ್ಲ, ಹಲವು ಸಲ ನಿಷೇಧಿಸಿತ್ತು. ಜನ ಬಿಡಲಿಲ್ಲ.

ಅವರ ಬನ್ನಿನ ಹಿಟ್ಟಿಗೆ ಏಲಕ್ಕಿ ಬೀಳುತ್ತದೆ. ಚಕ್ಕೆ ಹಾಕಿದ ಬನ್ನಿಗೂ ಹಿಟ್ಟಿನಲ್ಲಿ ಏಲಕ್ಕಿ ಇರುತ್ತದೆ. ಬರೀ ಏಲಕ್ಕಿಯದ್ದೇ ಇನ್ನೊಂದು ಬನ್ನು ಇದೆ, ಕಾರ್ದೆಮುಮ್ಮಾಬುಲ್ಲೆ. ಹಿಟ್ಟನ್ನು ಗಂಟು ಹಾಕಿ ಬೇಯಿಸಿ, ಮೇಲೆ ತರಿತರಿಯಾಗಿ ಕುಟ್ಟಿದ ಏಲಕ್ಕಿ ಉದುರಿಸುತ್ತಾರೆ. ಅಕ್ಟೋಬರ್ 4 ಅಲ್ಲಿ ಚಕ್ಕೆ ಬನ್ನಿನ ದಿನ. ಆ ದಿನ ನಾನು ಕುಂಗ್ಸ್‌ಗಾತಾನ್ ಬೀದಿಯ ವೇತೆ ಕಾತ್ತೆನ್ ಅನ್ನುವ ಹಳೆಯ ಬೇಕರಿಗೆ ಹೋಗಿದ್ದೆ. ಎಸ್ತರ್ ನೂರ್ದ್‌ಹಮ್ಮರ್ ಅನ್ನುವ ಹೆಣ್ಣುಮಗಳು 1928ರಲ್ಲಿ ಶುರುಮಾಡಿದ ಜಾಗ ಅದು. ಒಳಗೆ ಒಂದರೊಳಗೊಂದು ಸಣ್ಣ ಸಣ್ಣ ಕೋಣೆಗಳು, ನಮ್ಮ ಹಳೇ ತೊಟ್ಟಿಮನೆಯ ಹಾಗೆ. ಬಾಗಿಲು ತೆಗೆದ ಕೂಡಲೇ ಏಲಕ್ಕಿಯ ಘಮ ಬಂತು. ಅವ್ವ ಏಲಕ್ಕಿ ಒಣಗಿಸುತ್ತಿದ್ದ ಅಟ್ಟ ಕಣ್ಣಮುಂದೆ ಬಂತು. ಪಶ್ಚಿಮಘಟ್ಟದ ಕಾಡಿನಲ್ಲಿ ಹುಟ್ಟಿದ ಗಿಡ, ಎಲ್ಲಿಯವರ ನಾಲಿಗೆಗೆ ಹತ್ತಿದೆ ನೋಡಿ. ಕಣ್ಣು ತುಂಬಿಕೊಂಡಿತು ನನಗೆ.

ಅಲ್ಲಿನ ಕಾಫಿಗೆ ಚಿಕೋರಿ ಇಲ್ಲ, ಹಾಲೂ ಕಡಿಮೆ. ಮೊದಲೆರಡು ದಿನ ನೀರೆನಿಸುತ್ತದೆ, ಆಮೇಲೆ ಬೀಜದ ರುಚಿ ಹತ್ತುತ್ತದೆ. 'ಪೋತೋರ್' ಅಂತ ಕೇಳಿದರೆ ಕೆಲವು ಕಡೆ ಎರಡನೇ ಲೋಟ ಸುಮ್ನೆ ಕೊಡುತ್ತಾರೆ.

ಮದ್ಯ ಕುಡಿಯುವವರಿಗೆ ಎರಡೇ ಮಾತು. ವೈನ್, ವಿಸ್ಕಿ ಮಾರುವ ಅಂಗಡಿ ಸರ್ಕಾರದ್ದು, ಸಿಸ್ತೇಮ್‌ಬೊಲಾಗೆತ್ ಅಂತ ಹೆಸರು. ಶನಿವಾರ ಮಧ್ಯಾಹ್ನ 3ಕ್ಕೆ ಮುಚ್ಚುತ್ತದೆ, ಭಾನುವಾರ ತೆಗೆಯುವುದೇ ಇಲ್ಲ. 20 ತುಂಬದವರಿಗೆ ಅಲ್ಲಿ ಕೊಡುವುದಿಲ್ಲ.

ಗುರುವಾರ ಅಲ್ಲಿದ್ದರೆ ಇನ್ನೊಂದು ಊಟ ಬಿಡಬೇಡಿ. ಹಳದಿ ಬಟಾಣಿ ಬೇಯಿಸಿದ ದಪ್ಪ ಸಾರು, ಆಮೇಲೆ ತೆಳ್ಳನೆಯ ದೋಸೆಯಂಥ ಪ್ಯಾನ್‌ಕೇಕ್, ಅದರ ಮೇಲೆ ಹಣ್ಣಿನ ಜಾಮ್. ಎಷ್ಟೋ ಹೋಟೆಲ್‌ಗಳಲ್ಲಿ ಇದು ಗುರುವಾರದ ಅಡುಗೆ. ಸಾರಿಗೆ ಹಂದಿಮಾಂಸ ಹಾಕುವುದು ರೂಢಿ, ಹಾಗಾಗಿ ಬೇಡದವರು ಮೊದಲೇ ಕೇಳಿ. ಹನ್ನೆರಡಕ್ಕೆ ಮುಂಚೆ ಹೋಗಿ. ತಡವಾದರೆ ಪ್ಯಾನ್‌ಕೇಕ್ ಖಾಲಿಯಾಗಿರುತ್ತದೆ.

ನಮಸ್ಕಾರ.