ತಂಡದ ಔಷಧಿ ಚೀಲ

ಆಕಾಶವಾಣಿ ಮಡಿಕೇರಿಯ ಕೇಳುಗರೆಲ್ಲರಿಗೂ ನಮಸ್ಕಾರ. ಫುಟ್‌ಬಾಲ್ ಕ್ಲಬ್‌ಗಳ ಭವಿಷ್ಯ ಮತ್ತು ಉದ್ದೀಪನ ಮದ್ದಿನ ಹಗರಣಗಳ ಬಗ್ಗೆ ಮಾತನಾಡಬೇಕೆಂದು ನಿಲಯದವರು ಕೇಳಿದಾಗ ನಾನು ಸಂತೋಷದಿಂದ ಒಪ್ಪಿಕೊಂಡೆ. ವೃತ್ತಿಯಲ್ಲಿ ನಾನು ವೈದ್ಯ, ಉಳಿದ ಹೊತ್ತಿನಲ್ಲೆಲ್ಲ ಫುಟ್‌ಬಾಲ್ ಅಭಿಮಾನಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೌಟುಂಬಿಕ ಹಾಕಿ ಉತ್ಸವವನ್ನು ಆರಂಭಿಸಿದಂದಿನಿಂದ ಹೊರಗಿನವರು ಕೊಡಗನ್ನು ಹಾಕಿಯ ಜಿಲ್ಲೆಯೆಂದೇ ಗುರುತಿಸುತ್ತಾರೆ, ಅದು ನಮಗೆ ಹೆಮ್ಮೆಯ ವಿಷಯವೇ ಹೌದು. ಆದರೆ ಸುಂಟಿಕೊಪ್ಪದ ಗೋಲ್ಡ್ ಕಪ್ ಪಂದ್ಯಾವಳಿಗೆ ಸೇರುವ ಜನರನ್ನು ಒಮ್ಮೆ ನೋಡಿದವರು ಇಲ್ಲಿ ಫುಟ್‌ಬಾಲಿಗೆ ನೆಲೆಯಿಲ್ಲ ಎಂದು ಹೇಳಲಾರರು. ಆ ಮೈದಾನದ ಅಂಚಿನಲ್ಲಿ ನಿಲ್ಲುವ ತಂಡದ ವ್ಯವಸ್ಥಾಪಕರು, ಪ್ರೌಢಶಾಲೆಗಳ ದೈಹಿಕ ಶಿಕ್ಷಕರು, ಮಕ್ಕಳನ್ನು ತರಬೇತಿಗೆ ಕಳುಹಿಸುವ ತಂದೆತಾಯಂದಿರು ಈಗ ರೇಡಿಯೋದ ಮುಂದೆ ಕುಳಿತಿದ್ದಾರೆ ಎಂದುಕೊಂಡೇ ನಾನು ಮಾತನಾಡುತ್ತೇನೆ.

ನಾನು ಹೇಳಬೇಕಾಗಿರುವುದು ಒಂದೇ ಮಾತು. ಆಟಗಾರನು ಹೆಸರು ಓದದೆ ಏನನ್ನೂ ನುಂಗಬಾರದು, ಬೇರೆಯವರೂ ಅವನಿಗೆ ನುಂಗಿಸಬಾರದು. ಕ್ಲಬ್ಬಿನ ಭವಿಷ್ಯಕ್ಕೂ ಈ ಮಾತಿಗೂ ಏನು ಸಂಬಂಧ ಎಂದು ಕೇಳುವವರಿಗೆ ಮೊದಲು ನಮ್ಮ ರಾಜ್ಯದ ಕ್ಲಬ್ಬಿನ ಸ್ಥಿತಿಯನ್ನು ಹೇಳುತ್ತೇನೆ.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದಿತು, 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್‌ನ ಫೈನಲ್ ತಲುಪಿತು, 2019ರ ಮಾರ್ಚ್‌ನಲ್ಲಿ ಗೋವಾ ವಿರುದ್ಧದ ಫೈನಲ್‌ನಲ್ಲಿ ಹೆಚ್ಚುವರಿ ಅವಧಿ ಇನ್ನೇನು ಮುಗಿಯಬೇಕು ಎನ್ನುವಾಗ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿನಿಂದ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್ ಕಿರೀಟವನ್ನೂ ಪಡೆಯಿತು. ಆ ಗೋಲನ್ನು ಇಂದು ನೆನೆದರೂ ನನಗೆ ಕುಳಿತಲ್ಲಿ ಕೂರಲಾಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 2-1ರಿಂದ ಸೋತ ಐಎಸ್‌ಎಲ್ ಫೈನಲ್ ಮಾತ್ರ ಬೇರೆ ಕಥೆ ಹೇಳುತ್ತದೆ. ಆ ಋತುವಿನಲ್ಲಿ ನಮ್ಮ ತಂಡಕ್ಕೆ 14 ಗೋಲು ಹೊಡೆದವರು 40 ವರ್ಷ ದಾಟಿದ ಸುನಿಲ್ ಛೇತ್ರಿ. ಅವರ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೆ ಒಂದು ಕ್ಲಬ್ ತನ್ನ ಮುಂದಿನ ಹತ್ತು ವರ್ಷಗಳನ್ನು 40 ದಾಟಿದ ಕಾಲುಗಳ ಮೇಲೆ ಕಟ್ಟಲಾಗದು. ಲೀಗಿನ ಆಡಳಿತವೇ ಗೊಂದಲಕ್ಕೆ ಸಿಲುಕಿ 2025ರ ಜುಲೈಯಲ್ಲಿ ಮುಂದಿನ ಋತುವನ್ನು ತಡೆಹಿಡಿದದ್ದನ್ನೂ, ದುಡ್ಡು ಸುರಿದು ಹೊರಗಿನ ಆಟಗಾರರನ್ನು ತರುವ ಕಾಲ ಮುಗಿಯುತ್ತಿರುವುದನ್ನೂ ನೋಡಿದರೆ ಉಳಿಯುವ ದಾರಿ ಒಂದೇ: ಹುಡುಗರನ್ನು ತಾವೇ ಬೆಳೆಸುವುದು. ಬೆಂಗಳೂರು ಎಫ್‌ಸಿಗೆ ಬಳ್ಳಾರಿ ಜಿಲ್ಲೆಯಲ್ಲಿ ವಸತಿ ಅಕಾಡೆಮಿ ಇದೆ. ಕರ್ನಾಟಕ ತಂಡ 54 ವರ್ಷಗಳ ಬಳಿಕ, 2023ರ ಮಾರ್ಚ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದದ್ದೂ ನಮ್ಮಲ್ಲಿ ಆಟಗಾರರಿಗೆ ಬರವಿಲ್ಲ ಎಂಬುದನ್ನು ತೋರಿಸಿದೆ. ಕ್ಲಬ್ಬಿನ ಆಸ್ತಿಯೆಂದರೆ ಆ ಹುಡುಗರ ದೇಹ. ಆ ದೇಹದೊಳಗೆ ಏನು ಹೋಗುತ್ತದೆ ಎಂಬುದು ಹಾಗಾಗಿ ಕ್ಲಬ್ಬಿನ ಲೆಕ್ಕಪತ್ರದ ವಿಷಯವೂ ಆಗುತ್ತದೆ.

ಇದನ್ನು ತಿಳಿಯಲು ಆಂಡ್ರೆ ಒನಾನ ಅವರ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನನ್ನ ಪರಿಚಯದ ದೈಹಿಕ ಶಿಕ್ಷಕರಿಗೆಲ್ಲ ಇದನ್ನು ಹೇಳಿದ್ದೇನೆ, ಇಂದು ನಿಮಗೂ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಒನಾನ ಕ್ಯಾಮರೂನ್ ದೇಶದ ಗೋಲ್‌ಕೀಪರ್. ಬಾರ್ಸಿಲೋನಾ ಕ್ಲಬ್ಬಿನ ಅಕಾಡೆಮಿಯಲ್ಲಿ ಕಲಿತು 2015ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಅಯಾಕ್ಸ್ ಕ್ಲಬ್ ಸೇರಿದರು. ಅಯಾಕ್ಸ್‌ನ ಬದುಕು ಎಂಥದ್ದೆಂದರೆ, ಎಳೆಯ ಆಟಗಾರರನ್ನು ತಂದು, ತಿದ್ದಿ, ಆಡಿಸಿ, ಹೆಸರು ಬಂದ ಮೇಲೆ ದೊಡ್ಡ ಕ್ಲಬ್ಬುಗಳಿಗೆ ಒಳ್ಳೆಯ ಬೆಲೆಗೆ ಬಿಟ್ಟುಕೊಟ್ಟು, ಆ ಹಣದಲ್ಲಿ ಮುಂದಿನ ತಲೆಮಾರನ್ನು ಸಾಕುವುದು. 2019ರಲ್ಲಿ ಈ ಕ್ಲಬ್ ಯುರೋಪಿನ ಅಗ್ರ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್‌ನಲ್ಲಿ ಮೊದಲು ರಿಯಲ್ ಮ್ಯಾಡ್ರಿಡ್ ತಂಡವನ್ನೂ ಆಮೇಲೆ ಯುವೆಂಟಸ್ ತಂಡವನ್ನೂ ಹೊರಹಾಕಿ ಸೆಮಿಫೈನಲ್ ತಲುಪಿತು, ಅಲ್ಲಿ ಟಾಟನ್‌ಹ್ಯಾಮ್‌ನ ಲುಕಾಸ್ ಮೌರಾ ಕೊನೆಯ ಕ್ಷಣದಲ್ಲಿ ಹೊಡೆದ ಗೋಲಿನಿಂದ ಫೈನಲ್ ಕೈತಪ್ಪಿತು. ಆ ತಂಡದ ಗೋಲ್‌ಕೀಪರ್ ಇದೇ ಒನಾನ. ಯುರೋಪಿನ ದೊಡ್ಡ ಕ್ಲಬ್ಬುಗಳ ಕಣ್ಣು ಅವರ ಮೇಲೆ ಬಿದ್ದಿತ್ತು.

2020ರ ಅಕ್ಟೋಬರ್ 30ರ ಬೆಳಿಗ್ಗೆ ಅವರಿಗೆ ಮೈ ಸರಿಯಿರಲಿಲ್ಲ. ಒಂದು ಮಾತ್ರೆ ನುಂಗಿದರು. ಅದು ಹಿಂದೆ ವೈದ್ಯರು ಅವರ ಪತ್ನಿಗೆ ಬರೆದುಕೊಟ್ಟಿದ್ದ ಮಾತ್ರೆಯಾಗಿತ್ತು. ಅಂದು ಪಂದ್ಯವಿರಲಿಲ್ಲ, ಆದರೂ ಪರೀಕ್ಷೆಯವರು ಬಂದು ಮೂತ್ರದ ಮಾದರಿ ತೆಗೆದುಕೊಂಡು ಹೋದರು. ಅದರಲ್ಲಿ ಫ್ಯೂರೋಸೆಮೈಡ್ ಸಿಕ್ಕಿತು. ಕೇಳುಗರೇ, ಈ ಔಷಧವನ್ನು ನೀವೆಲ್ಲರೂ ನೋಡಿದ್ದೀರಿ. ಹೃದಯದ ತೊಂದರೆ ಇರುವವರಿಗೆ, ಕಾಲು ಊದಿಕೊಂಡ ವೃದ್ಧರಿಗೆ ನಾವು ಕೊಡುವ, ನೀವು ‘ನೀರಿನ ಮಾತ್ರೆ’ ಎಂದು ಕರೆಯುವ ಮಾತ್ರೆ ಅದು. ಇದರಿಂದ ಯಾರಿಗೂ ವೇಗವೂ ಬಲವೂ ಬರುವುದಿಲ್ಲ. ಆದರೆ ಅದು ಮೂತ್ರವನ್ನು ಹೆಚ್ಚಿಸಿ ತೆಳುವಾಗಿಸುತ್ತದೆ, ಆಗ ಬೇರೆ ಮದ್ದಿನ ಕುರುಹು ಸುಲಭವಾಗಿ ಸಿಗುವುದಿಲ್ಲ. ಈ ಕಾರಣಕ್ಕಾಗಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ಇದನ್ನು ಪಂದ್ಯವಿರಲಿ ಇಲ್ಲದಿರಲಿ ಸದಾ ಕಾಲ ನಿಷೇಧಿಸಿದೆ.

ಒನಾನ ಮೋಸ ಮಾಡುವ ಉದ್ದೇಶದಿಂದ ನುಂಗಿಲ್ಲ ಎಂಬುದನ್ನು ಯುರೋಪಿನ ಫುಟ್‌ಬಾಲ್ ಒಕ್ಕೂಟವೇ ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೂ 2021ರ ಫೆಬ್ರವರಿಯಲ್ಲಿ 12 ತಿಂಗಳ ನಿಷೇಧ ಹೇರಿತು. ಕ್ರೀಡಾ ನ್ಯಾಯಮಂಡಳಿ ಅದನ್ನು 9 ತಿಂಗಳಿಗೆ ಇಳಿಸಿತು, ಅಷ್ಟೇ. ಆಡುವುದು ಹಾಗಿರಲಿ, ಶಿಕ್ಷೆಯ ಬಹುಪಾಲು ಅವಧಿಯಲ್ಲಿ ತಂಡದೊಂದಿಗೆ ಅಭ್ಯಾಸ ಮಾಡುವುದಕ್ಕೂ ಅವಕಾಶವಿರಲಿಲ್ಲ. ಅಯಾಕ್ಸ್ 38 ವರ್ಷದ ಸ್ಟೆಕೆಲೆನ್‌ಬರ್ಗ್ ಅವರನ್ನು ಗೋಲಿನಲ್ಲಿ ನಿಲ್ಲಿಸಿ ಆ ವರ್ಷದ ಲೀಗನ್ನೇನೋ ಗೆದ್ದಿತು. ನಷ್ಟ ಬಂದದ್ದು ಬೇರೆ ಕಡೆಯಿಂದ. ನಿಷೇಧದಲ್ಲಿರುವ ಗೋಲ್‌ಕೀಪರನ್ನು ಒಳ್ಳೆಯ ಬೆಲೆಗೆ ಕೊಳ್ಳುವವರು ಬರಲಿಲ್ಲ, ಒಪ್ಪಂದ ನವೀಕರಣವಾಗಲಿಲ್ಲ, 2022ರಲ್ಲಿ ಅವಧಿ ಮುಗಿದಾಗ ಒನಾನ ಇಟಲಿಯ ಇಂಟರ್ ಮಿಲಾನ್‌ಗೆ ಹೊರಟುಹೋದರು. ಅಯಾಕ್ಸ್‌ಗೆ ವರ್ಗಾವಣೆ ಶುಲ್ಕವೆಂದು ಒಂದು ಕಾಸೂ ಬರಲಿಲ್ಲ. ಮರುವರ್ಷ ಇಂಟರ್ ತಂಡ ಅವರನ್ನು ಇಟ್ಟುಕೊಂಡು ಚಾಂಪಿಯನ್ಸ್ ಲೀಗ್ ಫೈನಲ್ ಆಡಿತು, ಬಳಿಕ ಸುಮಾರು 5 ಕೋಟಿ ಯೂರೋಗಳಿಗೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಿಟ್ಟುಕೊಟ್ಟಿತು. ಆ ಹಣ ಅಯಾಕ್ಸ್‌ನ ಅಕಾಡೆಮಿಗೆ ಬಂದಿದ್ದರೆ ಇನ್ನೆಷ್ಟು ಹುಡುಗರು ಬೆಳೆಯುತ್ತಿದ್ದರು ಎಂದು ಯೋಚಿಸಿ. ಪೆಟ್ಟಿಗೆಯ ಮೇಲಿನ ಹೆಸರನ್ನು ಒಮ್ಮೆ ಓದಿದ್ದರೆ ಇಷ್ಟೂ ತಪ್ಪುತ್ತಿತ್ತು.

ಗೊತ್ತಿಲ್ಲದೆ ನುಂಗಿದರೂ ಶಿಕ್ಷೆಯೇ, ಇದು ಯಾವ ನ್ಯಾಯ ಎಂದು ಅನೇಕರು ನನ್ನನ್ನು ಕೇಳುತ್ತಾರೆ. ನಿಯಮ ಇರುವುದೇ ಹಾಗೆ. ಆಟಗಾರನ ದೇಹದಲ್ಲಿ ಏನು ಸಿಕ್ಕಿತೋ ಅದಕ್ಕೆ ಆಟಗಾರನೇ ಹೊಣೆ. ಹೇಗೆ ಬಂತು ಎಂಬುದು ಶಿಕ್ಷೆಯ ಅವಧಿಯನ್ನು ನಿರ್ಧರಿಸುವಾಗ ಬರುವ ಪ್ರಶ್ನೆ. ದೇಹವಂತೂ ಏನನ್ನೂ ಮುಚ್ಚಿಡುವುದಿಲ್ಲ. ಕಕ್ಕಡ ಮಾಸದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ ತಿಂದವರಿಗೆ ಮರುದಿನ ಮೂತ್ರದ ಬಣ್ಣ ಕೆಂಪಾಗುವುದು ಕೊಡಗಿನಲ್ಲಿ ಮಕ್ಕಳಿಗೂ ಗೊತ್ತು. ಮಾತ್ರೆಗಳೂ ಹಾಗೆಯೇ ಹೊರಗೆ ಬರುತ್ತವೆ, ಅವುಗಳ ಬಣ್ಣ ಕಣ್ಣಿಗೆ ಕಾಣದಿದ್ದರೂ ಪ್ರಯೋಗಾಲಯದ ಯಂತ್ರಕ್ಕೆ ಕಾಣುತ್ತದೆ. ಪರೀಕ್ಷೆಗೆ ಕನಿಷ್ಠ 90 ಮಿಲಿಲೀಟರ್ ಮೂತ್ರ ಬೇಕು. ಅದನ್ನು ಆಟಗಾರನ ಎದುರಿನಲ್ಲೇ ಎ ಮತ್ತು ಬಿ ಎಂಬ ಎರಡು ಬಾಟಲಿಗಳಿಗೆ ಹಂಚಿ ಮುಚ್ಚಲಾಗುತ್ತದೆ. ಎ ಬಾಟಲಿಯಲ್ಲಿ ನಿಷೇಧಿತ ವಸ್ತು ಸಿಕ್ಕರೆ ಬಿ ಬಾಟಲಿಯನ್ನು ತೆರೆದು ನೋಡಿ ಎಂದು ಕೇಳುವ ಹಕ್ಕು ಆಟಗಾರನಿಗಿದೆ.

ಈಗ ನಮ್ಮ ಊರಿಗೆ ಬರುತ್ತೇನೆ. ಪಂದ್ಯಾವಳಿಯೊಂದರಲ್ಲಿ ಆಟಗಾರನೊಬ್ಬನ ಮಂಡಿ ನೋಡಲು ಕರೆದಾಗ ನಾನು ತಂಡದ ಔಷಧಿ ಚೀಲವನ್ನು ತೆರೆಸಿದೆ. ನೋವಿನ ಸ್ಪ್ರೇ, ಹತ್ತಿ, ಕ್ರೇಪ್ ಬ್ಯಾಂಡೇಜು, ಗ್ಲೂಕೋಸ್ ಪುಡಿಯ ಡಬ್ಬಿ. ಅದರಡಿಯಲ್ಲಿ ಮಾತ್ರೆಗಳು. ಒಂದು ಪಟ್ಟಿಯಲ್ಲಿ ನಾಲ್ಕೇ ಮಾತ್ರೆ ಉಳಿದಿದ್ದವು, ಅಂಗಡಿಯಲ್ಲಿ ಕತ್ತರಿ ಆಡಿಸಿದ ರೀತಿಗೆ ಹಾಳೆಯ ಮೇಲಿನ ಹೆಸರು ಅರ್ಧಕ್ಕೆ ತುಂಡಾಗಿ ಕೊನೆಯ ಮೂರು ಅಕ್ಷರಗಳು ಮಾತ್ರ ಕಾಣುತ್ತಿದ್ದವು. ಪಕ್ಕದಲ್ಲಿ ಚೀಟಿ ನೆನೆದು ಕಿತ್ತುಹೋಗಿದ್ದ ಕೆಮ್ಮಿನ ಸಿರಪ್ಪಿನ ಬಾಟಲಿ. ಇದು ಯಾವುದಕ್ಕೆ ಎಂದು ಕೇಳಿದೆ. ‘ಸಾರ್, ನೋವಿಗೆ ಕೊಡೋದು, ಒಳ್ಳೇದಿದೆ’ ಎಂದರು. ಯಾರು ಬರೆದುಕೊಟ್ಟದ್ದು ಎಂದರೆ ಉತ್ತರವಿಲ್ಲ. ಅವರು ಒಳ್ಳೆಯ ಜನ, ಸ್ವಂತ ಹಣದಿಂದ ತಂಡ ನಡೆಸುವವರು. ಆದರೂ ಕೇಳುಗರೇ, ಹೆಸರಿಲ್ಲದ ಮಾತ್ರೆಯನ್ನು ಹದಿನೇಳು ವರ್ಷದ ಹುಡುಗನ ಬಾಯಿಗೆ ಹಾಕುವುದನ್ನು ನಾನು ಒಪ್ಪಲಾರೆ. ಇಂದು ಊರ ಮೈದಾನದಲ್ಲಿ ಪರೀಕ್ಷೆ ಇಲ್ಲದಿರಬಹುದು. ನಾಳೆ ಆ ಹುಡುಗ ರಾಜ್ಯ ತಂಡಕ್ಕೆ ಆಯ್ಕೆಯಾದಾಗ ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ನಾಡಾ ಸಂಸ್ಥೆಯವರು ಬಾಟಲಿ ಹಿಡಿದು ಬರುತ್ತಾರೆ. ಇಲ್ಲಿ ಕಲಿತ ಅಭ್ಯಾಸವನ್ನೇ ಅವನು ಅಲ್ಲಿಗೂ ಕೊಂಡೊಯ್ಯುತ್ತಾನೆ.

ಕೆಮ್ಮಿನ ಸಿರಪ್ಪಿನ ಮಾತು ಬಂದದ್ದರಿಂದ ಪಾಪು ಗೋಮೆಜ್ ಅವರನ್ನು ನೆನೆಯಬೇಕು. ಅವರು 2022ರಲ್ಲಿ ವಿಶ್ವಕಪ್ ಗೆದ್ದ ಅರ್ಜೆಂಟೀನಾ ತಂಡದಲ್ಲಿದ್ದವರು. ಆ ವಿಶ್ವಕಪ್‌ಗೆ ಸ್ವಲ್ಪ ಮೊದಲು ಸೆವಿಯಾ ಕ್ಲಬ್ಬಿನಲ್ಲಿದ್ದಾಗ ಕೊಟ್ಟ ಮಾದರಿಯಲ್ಲಿ ಟರ್ಬ್ಯುಟಲಿನ್ ಎಂಬ ನಿಷೇಧಿತ ಔಷಧ ಸಿಕ್ಕಿತು. ಮಗುವಿನ ಸಿರಪ್ಪನ್ನು ಕುಡಿದದ್ದರಿಂದ ಹೀಗಾಯಿತು ಎಂಬುದು ಅವರು ಕೊಟ್ಟ ವಿವರಣೆ. 2023ರ ಅಕ್ಟೋಬರ್‌ನಲ್ಲಿ ಎರಡು ವರ್ಷಗಳ ನಿಷೇಧ ಬಂತು. ಇಟಲಿಯ ಮೊಂಜಾ ಕ್ಲಬ್ ಅವರನ್ನು ಸೇರಿಸಿಕೊಂಡು ಕೆಲವೇ ವಾರಗಳಾಗಿದ್ದವು. ಈ ಟರ್ಬ್ಯುಟಲಿನ್ ನಮ್ಮ ದೇಶದ ಅನೇಕ ಕೆಮ್ಮಿನ ಸಿರಪ್ಪುಗಳಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ ಸುರಿಯುವ, ಕೆಮ್ಮು ನೆಗಡಿ ಇಲ್ಲದ ಮನೆಯೇ ಸಿಗದ ನಮ್ಮ ಜಿಲ್ಲೆಯಲ್ಲಿ ಈ ಬಾಟಲಿ ಎಲ್ಲರ ಮನೆಯ ಕಪಾಟಿನಲ್ಲೂ ಇರುತ್ತದೆ. ಬಾಟಲಿಯ ಮುಂದೆ ದೊಡ್ಡ ಅಕ್ಷರದಲ್ಲಿರುವುದು ಕಂಪನಿಯವರು ಸಿರಪ್ಪಿಗೆ ಇಟ್ಟ ಹೆಸರು, ಒಳಗಿರುವ ಔಷಧದ ಹೆಸರುಗಳು ಸಣ್ಣ ಅಕ್ಷರದಲ್ಲಿರುತ್ತವೆ. ಓದಬೇಕಾದದ್ದು ಆ ಸಣ್ಣ ಅಕ್ಷರಗಳನ್ನು.

ಒನಾನ ಅವರ ವಿಷಯಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ನಿಷೇಧದ ಪಟ್ಟಿಯಲ್ಲಿಲ್ಲ. ಆದರೆ ಟ್ರಮಡಾಲ್ 2024ರ ಜನವರಿ 1ರಿಂದ ಪಂದ್ಯದ ಅವಧಿಯಲ್ಲಿ ನಿಷಿದ್ಧ, ಅದು ಪ್ಯಾರಾಸಿಟಮಾಲ್ ಜೊತೆ ಬೆರೆತ ಮಾತ್ರೆಯಾಗಿಯೂ ಬರುತ್ತದೆ. ಫೈನಲ್ ಇದೆ, ಮಂಡಿಗೆ ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ ಎಂದು ನನ್ನಲ್ಲಿಗೆ ಬರುವವರಿದ್ದಾರೆ. ಕೀಲಿನೊಳಗೆ ಹಾಕುವ ಸ್ಟೀರಾಯ್ಡ್ ಇಂಜೆಕ್ಷನ್ ಕೂಡ 2022ರಿಂದ ಪಂದ್ಯದ ಅವಧಿಯಲ್ಲಿ ನಿಷಿದ್ಧ. ಜಿಮ್‌ಗಳಲ್ಲಿ ಮಾರುವ ಪುಡಿ ಮತ್ತು ಕ್ಯಾಪ್ಸೂಲುಗಳ ವಿಷಯದಲ್ಲಿ ನಾನು ಕಠಿಣವಾಗಿಯೇ ಹೇಳುತ್ತೇನೆ: ಬೇಡ. ಪಾಲ್ ಪೊಗ್ಬಾ ಅವರಂಥ ವಿಶ್ವಕಪ್ ವಿಜೇತರು ಇಂಥದೊಂದು ಪೂರಕ ಆಹಾರದಿಂದ ನಾಲ್ಕು ವರ್ಷಗಳ ನಿಷೇಧಕ್ಕೆ ಒಳಗಾದರು. ಅದು 18 ತಿಂಗಳಿಗೆ ಇಳಿದರೂ ಯುವೆಂಟಸ್ ಜೊತೆಗಿನ ಅವರ ಒಪ್ಪಂದ ಉಳಿಯಲಿಲ್ಲ. ನಮ್ಮ ಕರಾವಳಿಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ, 2010ರ ಕಾಮನ್‌ವೆಲ್ತ್ ಮತ್ತು ಏಷ್ಯನ್ ಕ್ರೀಡಾಕೂಟಗಳೆರಡರಲ್ಲೂ ಚಿನ್ನ ಗೆದ್ದವರು, ತರಬೇತುದಾರರು ತಂದುಕೊಟ್ಟ ಜಿನ್ಸೆಂಗ್‌ನಿಂದ ಹೀಗಾಯಿತು ಎಂದು ಹೇಳಿದರೂ ಎರಡು ವರ್ಷ ಟ್ರ್ಯಾಕಿನಿಂದ ದೂರವಿರಬೇಕಾಯಿತು. ತರಬೇತುದಾರರು ಕೊಟ್ಟರು ಎಂಬುದು ಉತ್ತರವಾಗುವುದಿಲ್ಲ. ಹೆಸರು ಓದದೆ ನುಂಗಬೇಡಿ.

ಓದಿದ ಹೆಸರು ಅರ್ಥವಾಗದಿದ್ದರೆ ಏನು ಮಾಡಬೇಕು? ನಾಡಾ ಸಂಸ್ಥೆಯ ‘ನೋ ಯುವರ್ ಮೆಡಿಸಿನ್’ ಎಂಬ ಆ್ಯಪ್ ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತದೆ. ಔಷಧದ ಹೆಸರು ಹಾಕಿದರೆ ನಿಷೇಧವಿದೆಯೇ ಇಲ್ಲವೇ ಎಂದು ತಿಳಿಸುತ್ತದೆ. ವೈದ್ಯರ ಬಳಿ ಹೋದಾಗ ‘ನಾನು ಆಟಗಾರ’ ಎಂದು ಮೊದಲೇ ಹೇಳಿ. ನೀವು ಹೇಳದೆ ನಮಗೆ ತಿಳಿಯುವುದಿಲ್ಲ. ಔಷಧಿ ಅಂಗಡಿಯಲ್ಲಿ ಹೆಸರಿರುವ ಭಾಗವನ್ನು ಉಳಿಸಿ ಕತ್ತರಿಸಿ ಕೊಡಿ ಎಂದು ಕೇಳಿ.

ಕೊನೆಯದಾಗಿ ತಂದೆತಾಯಂದಿರಿಗೆ ಒಂದು ಮಾತು, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ನನ್ನ ಮಾತಿಗೆ ಹೆದರಿ ಉಬ್ಬಸವಿರುವ ಮಕ್ಕಳ ಪಂಪನ್ನು ನಿಲ್ಲಿಸಬೇಡಿ. ಪಂಪಿನಲ್ಲಿ ಎಳೆದುಕೊಳ್ಳುವ ಸಾಲ್ಬ್ಯುಟಮಾಲ್‌ಗೆ ದಿನಕ್ಕೆ 1600 ಮೈಕ್ರೋಗ್ರಾಂವರೆಗೆ, ಅದರಲ್ಲೂ 8 ಗಂಟೆಯೊಳಗೆ 600 ಮೀರದಂತೆ, ಅನುಮತಿ ಇದೆ. ವೈದ್ಯರು ಹೇಳಿದಷ್ಟೇ ಎಳೆದುಕೊಳ್ಳುವ ಮಗು ಸಾಮಾನ್ಯವಾಗಿ ಈ ಮಿತಿಯನ್ನು ಮುಟ್ಟುವುದೇ ಇಲ್ಲ. ಅದೇ ಔಷಧವನ್ನು ಮಾತ್ರೆ ಅಥವಾ ಸಿರಪ್ಪಿನ ರೂಪದಲ್ಲಿ ಕೊಡುವುದಕ್ಕೆ ಈ ಅನುಮತಿ ಇಲ್ಲ. ನಿಷೇಧಿತ ಔಷಧವೇ ಚಿಕಿತ್ಸೆಗೆ ಅನಿವಾರ್ಯವಾದರೆ ವೈದ್ಯರ ದಾಖಲೆಗಳೊಂದಿಗೆ ನಾಡಾ ಸಂಸ್ಥೆಗೆ ಅರ್ಜಿ ಸಲ್ಲಿಸಿ ವಿನಾಯಿತಿ ಪಡೆಯುವ ವ್ಯವಸ್ಥೆಯೂ ಇದೆ. ಆ ಕಾಗದಗಳನ್ನು ಪಂದ್ಯಾವಳಿ ಹತ್ತಿರ ಬರುವ ಮೊದಲೇ ಸಿದ್ಧಪಡಿಸಿಕೊಳ್ಳಿ. ಅವಕಾಶ ಕೊಟ್ಟ ಮಡಿಕೇರಿ ಆಕಾಶವಾಣಿಗೆ ವಂದನೆಗಳು. ನಮಸ್ಕಾರ.